ಒಂದೇ ಮನೆಯ ಮೂವರ ದಣಿವು: ಕೆಲಸ ಕಡಿಮೆ ಮಾಡಲಾಗದಿದ್ದರೆ ಬೇರೆ ಏನನ್ನು ಬದಲಾಯಿಸಬಹುದು?

ಪ್ರಶ್ನೆ
ಬರೆದವರು: ನೀರ್ಚಾಲಿನ ಓದುಗಿ

ಮಾನ್ಯರೇ,

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ಕೃಷಿಯನ್ನು ನೆಚ್ಚಿಕೊಂಡ ಮನೆ. ಅತ್ತೆಯವರಿಗೆ ಪಕ್ಷವಾತವಾಗಿ ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ತೊದಲುತ್ತದೆ, ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕಾಗಿದೆ. ಅವರ ಆರೈಕೆ ಬಹುಮಟ್ಟಿಗೆ ನನ್ನ ಪಾಲಿನದು. ಯಜಮಾನರು ಒಂದು ಸಹಕಾರಿ ಸಂಸ್ಥೆಯಲ್ಲಿ ಗುಮಾಸ್ತರಾಗಿದ್ದಾರೆ. ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ಲಸ್ ಟು (ಹನ್ನೆರಡನೆಯ ತರಗತಿ) ವಿಜ್ಞಾನ ವಿಭಾಗದಲ್ಲಿದ್ದಾಳೆ.

ಮನೆಗೆ ಬಂದುಹೋಗುವವರೆಲ್ಲ ‘ಧೈರ್ಯಗೆಡಬೇಡಿ’ ಎಂದು ಹೇಳಿ ಕಾಫಿ ಕುಡಿದು ಹೊರಡುತ್ತಾರೆ. ಧೈರ್ಯಗೆಟ್ಟವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಮೂವರೂ ಮೂರು ಬಗೆಯಲ್ಲಿ ಬಳಲುತ್ತಿದ್ದೇವೆ, ಮತ್ತು ಆ ಬಳಲಿಕೆಗೂ ನಾವು ಮಾಡುವ ಕೆಲಸದ ಪ್ರಮಾಣಕ್ಕೂ ತಾಳೆಯಾಗುತ್ತಿಲ್ಲ. ಯಜಮಾನರು ಹಿಂದೆ ಅಡಿಕೆ ಮಾರಾಟದ ಕಾಲದಲ್ಲಿ ರಾತ್ರಿಯವರೆಗೆ ಲೆಕ್ಕ ಬರೆದು ಬಂದರೂ ಊಟದ ಹೊತ್ತಿಗೆ ತಾಳಮದ್ದಳೆಯ ಸುದ್ದಿ ಹೇಳುತ್ತಿದ್ದರು. ಮೇಲಧಿಕಾರಿ ಬದಲಾದ ಬಳಿಕ ಒಂದು ಅರ್ಜಿಯ ಮೇಲೆ ಷರಾ ಬರೆಯುವುದಕ್ಕೂ ಒಳಗೆ ಹೋಗಿ ಅನುಮತಿ ಕೇಳಬೇಕಂತೆ. ಈಗ ಸಂಜೆ ಬೇಗ ಬಂದರೂ ಅವರಲ್ಲಿ ಮಾತಿಲ್ಲ. ಮಗಳು ಮನೆಯಲ್ಲಿ ಪಾಠ ಒಪ್ಪಿಸುವಾಗ ತಡವರಿಸುವುದಿಲ್ಲ, ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಎಲ್ಲವೂ ಅಳಿಸಿಹೋಗುತ್ತದೆ ಎನ್ನುತ್ತಾಳೆ. ನನ್ನ ವಿಷಯವಂತೂ ಇನ್ನೂ ವಿಚಿತ್ರ. ಅತ್ತೆಯವರಿಗೆ ಸ್ನಾನ ಮಾಡಿಸಿ, ಹಾಸಿಗೆ ಬದಲಿಸಿ, ಅಂಗಳದಲ್ಲಿ ಹರಡಿದ ಅಡಿಕೆಯನ್ನು ಮಳೆ ಬರುವ ಮುನ್ನ ಒಳಗೆ ಸಾಗಿಸಿದ ದಿನಕ್ಕಿಂತ, ಹೆಚ್ಚೇನೂ ಕೆಲಸವಿಲ್ಲದೆ ಅವರು ಯಾವಾಗ ಕರೆದಾರೋ ಎಂದು ಕಿವಿಗೊಟ್ಟು ಕುಳಿತ ದಿನವೇ ನನಗೆ ಹೆಚ್ಚು ಸುಸ್ತು.

ನನ್ನ ಪ್ರಶ್ನೆ ಇಷ್ಟು. ಈ ಮೂರು ದಣಿವುಗಳಿಗೂ ಸಮಾನವಾದ ಮಾನಸಿಕ ಕಾರಣ ಇರಬಹುದೇ? ಕೆಲಸವನ್ನು ಕಡಿಮೆ ಮಾಡುವ ಸ್ಥಿತಿಯಲ್ಲಿ ನಾವಿಲ್ಲ. ಹಾಗಿರುವಾಗ ಮನೆಮಟ್ಟದಲ್ಲಿ ಬದಲಾಯಿಸಬಹುದಾದದ್ದು ಏನಾದರೂ ಇದೆಯೇ? ಅಧ್ಯಯನದ ಆಧಾರವಿರುವ ಮಾತನ್ನು ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1
ಬರೆದವರು: ಕುಂಬಳೆಯ ನಿವೃತ್ತ ಅಧ್ಯಾಪಕ (ಮನಶ್ಶಾಸ್ತ್ರ)

ತಾವು ಗಮನಿಸಿದ್ದು ಸರಿಯಾಗಿದೆ, ಮತ್ತು ಅದನ್ನು ಮನಶ್ಶಾಸ್ತ್ರವು ಅರ್ಧ ಶತಮಾನದಿಂದ ಬೇರೆ ಬೇರೆ ದಾರಿಯಲ್ಲಿ ಹೇಳುತ್ತ ಬಂದಿದೆ. ಹೊರೆಯ ತೂಕಕ್ಕಿಂತ, ಆ ಹೊರೆಯ ಮೇಲೆ ನಮಗೆಷ್ಟು ಹಿಡಿತವಿದೆ, ಅದು ಯಾವಾಗ ಬಂದೀತೆಂದು ಮುಂಚಿತವಾಗಿ ತಿಳಿದಿದೆಯೇ, ಹೊತ್ತದ್ದನ್ನು ಯಾರಾದರೂ ಮನಗಂಡಿದ್ದಾರೆಯೇ ಎಂಬುದೇ ಅನೇಕ ಸಂದರ್ಭಗಳಲ್ಲಿ ದಣಿವನ್ನು ನಿರ್ಧರಿಸುತ್ತದೆ.

1970ರ ಆಸುಪಾಸಿನಲ್ಲಿ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಅಮೆರಿಕದ ಸಂಶೋಧಕರು ನಡೆಸಿದ ಪ್ರಯೋಗಗಳು ತಮ್ಮ ಪ್ರಶ್ನೆಗೆ ಬಹಳ ಹತ್ತಿರದವು. ಜನರನ್ನು ಕೂರಿಸಿ ಕೆಲಸ ಕೊಟ್ಟು, ನಡುನಡುವೆ ಕರ್ಕಶ ಸದ್ದು ಕೇಳಿಸಿದರು. ಕೆಲವರಿಗೆ ಸದ್ದು ನಿಗದಿತ ಅಂತರದಲ್ಲಿ ಬರುತ್ತಿತ್ತು, ಇನ್ನು ಕೆಲವರಿಗೆ ಯಾವಾಗೆಂದರೆ ಆವಾಗ. ಸದ್ದು ಕೇಳಿಸುತ್ತಿರುವಷ್ಟು ಹೊತ್ತು ಎರಡೂ ಗುಂಪಿನವರು ಹೇಗೋ ಹೊಂದಿಕೊಂಡರು. ವ್ಯತ್ಯಾಸ ಕಾಣಿಸಿದ್ದು ಆಮೇಲೆ. ಹೊತ್ತುಗೊತ್ತಿಲ್ಲದ ಸದ್ದಿಗೆ ಒಳಗಾದವರು ಅನಂತರ ಕೊಟ್ಟ ಒಗಟುಗಳನ್ನು ಬೇಗನೆ ಕೈಬಿಟ್ಟರು, ಕರಡು ತಿದ್ದುವಾಗ ಹೆಚ್ಚು ತಪ್ಪುಗಳನ್ನು ಗಮನಿಸದೆ ಹೋದರು. ಬೇರೆ ಕೆಲವರಿಗೆ, ಸದ್ದು ತೀರಾ ಅಸಹನೀಯವೆನಿಸಿದರೆ ಒತ್ತಬಹುದಾದ, ಆದರೆ ಸಾಧ್ಯವಾದಷ್ಟು ಒತ್ತದಿರಬೇಕಾದ ಒಂದು ಗುಂಡಿಯನ್ನು ಕೊಟ್ಟಿದ್ದರು. ಅವರು ಅದನ್ನು ಒತ್ತಲೇ ಇಲ್ಲ. ಆದರೂ ಒತ್ತಬಹುದೆಂಬ ಅರಿವಿನಿಂದಲೇ ಅವರ ಅನಂತರದ ಕೆಲಸ ಬಹಳ ಕಡಿಮೆ ಕೆಟ್ಟಿತು.

ತಾವು ಕಿವಿಗೊಟ್ಟು ಕುಳಿತ ದಿನದ ಸುಸ್ತು ಇದೇ ಜಾತಿಯದು. ಅದರ ಜೊತೆಗೆ ಇನ್ನೊಂದು ಅಂಶವೂ ಸೇರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ರಾಡಾರ್ ಕಾವಲುಗಾರರು ಪರದೆಯ ಮೇಲಿನ ಚುಕ್ಕೆಗಳನ್ನು ಏಕೆ ಕಾಣದೆ ಹೋಗುತ್ತಾರೆಂದು ಪರೀಕ್ಷಿಸಿದ ನಾರ್ಮನ್ ಮ್ಯಾಕ್‌ವರ್ತ್, 1948ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾದು ಕುಳಿತವರ ಎಚ್ಚರ ಅರ್ಧ ಗಂಟೆಯೊಳಗೇ ಕುಸಿಯುತ್ತದೆಂದು ತೋರಿಸಿದರು. ಸುಮ್ಮನೆ ಕುಳಿತಂತೆ ಕಾಣುವ ಕಾವಲು ಮನಸ್ಸಿಗೆ ಭಾರೀ ದುಡಿಮೆ ಎಂಬುದನ್ನು ಮುಂದಿನ ಸಂಶೋಧನೆಗಳು ಇನ್ನಷ್ಟು ಸ್ಪಷ್ಟಪಡಿಸಿವೆ. ಆದ್ದರಿಂದ ‘ಸುಮ್ಮನೆ ಕುಳಿತಿದ್ದೀಯಲ್ಲ, ಏನು ಸುಸ್ತು’ ಎಂದು ಯಾರಾದರೂ ಕೇಳಿದರೆ ತಾವು ಸಂಕೋಚಪಡಬೇಕಾಗಿಲ್ಲ.

ತಮ್ಮ ಯಜಮಾನರ ವಿಷಯಕ್ಕೆ ಬಂದರೆ, ಅಮೆರಿಕ ಮತ್ತು ಸ್ವೀಡನ್ನಿನ ನೌಕರರ ಮಾಹಿತಿಯನ್ನು ಇಟ್ಟುಕೊಂಡು ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ವಾದ ಇಲ್ಲಿಗೆ ಸರಿಹೊಂದುತ್ತದೆ. ಕೆಲಸದ ಬೇಡಿಕೆ ಹೆಚ್ಚಿದ್ದು, ಅದನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವ ಅವಕಾಶ ಕಡಿಮೆ ಇದ್ದಾಗ ಒತ್ತಡ ಅತಿ ಹೆಚ್ಚು. ಬೇಡಿಕೆಯೂ ಅವಕಾಶವೂ ಎರಡೂ ಹೆಚ್ಚಿದ್ದಾಗ ಮನುಷ್ಯ ದಣಿದರೂ ಕಲಿಯುತ್ತಾನೆ, ಬೆಳೆಯುತ್ತಾನೆ. ಹಿಂದೆ ಅಡಿಕೆಯ ಕಾಲದಲ್ಲಿ ರಾತ್ರಿಯವರೆಗೆ ದುಡಿದವರು ಊಟದ ಹೊತ್ತಿಗೆ ನಗುತ್ತಿದ್ದುದರ ಗುಟ್ಟು ಬಹುಶಃ ಅಲ್ಲಿದೆ. ಲಂಡನ್ನಿನ ಸರಕಾರಿ ನೌಕರರಲ್ಲಿ 10,308 ಮಂದಿಯನ್ನು 1985ರಿಂದ ಹಲವು ವರ್ಷ ಅನುಸರಿಸಿದ ‘ವೈಟ್‌ಹಾಲ್ 2’ ಅಧ್ಯಯನವು, ಕೆಲಸದ ಮೇಲೆ ಹಿಡಿತ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚು ಕಂಡುಬಂದುದನ್ನು 1997ರಲ್ಲಿ ವರದಿ ಮಾಡಿತು. ಜರ್ಮನಿಯ ಯೋಹಾನ್ನೆಸ್ ಸೀಗ್ರಿಸ್ಟ್ 1996ರಲ್ಲಿ ಇನ್ನೊಂದು ಎಳೆ ಸೇರಿಸಿದರು: ಹಾಕಿದ ಶ್ರಮಕ್ಕೆ ತಕ್ಕ ಪ್ರತಿಫಲ ಸಿಗದಿದ್ದಾಗ ಆರೋಗ್ಯ ಕೆಡುತ್ತದೆ, ಮತ್ತು ಪ್ರತಿಫಲವೆಂದರೆ ಸಂಬಳ ಮಾತ್ರವಲ್ಲ, ಗೌರವವೂ ಭದ್ರತೆಯೂ ಅದರಲ್ಲಿ ಸೇರಿವೆ. ಮೂವತ್ತು ವರ್ಷ ಅನುಭವವಿರುವ ಗುಮಾಸ್ತನಿಗೆ ಷರಾ ಬರೆಯಲು ಅನುಮತಿ ಬೇಕೆಂದರೆ, ಕಡಿಮೆಯಾದದ್ದು ಕೆಲಸವಲ್ಲ, ಗೌರವ.

ಮೇಲಧಿಕಾರಿಯನ್ನು ಬದಲಿಸಲಾಗದು. ಆದರೆ ‘ಇಂಥ ಬಗೆಯ ಅರ್ಜಿಗಳನ್ನು ನಾನೇ ಮುಗಿಸಿ ಸಂಜೆ ಒಟ್ಟಿಗೆ ತಮ್ಮ ಮುಂದಿಡುತ್ತೇನೆ’ ಎಂದು ಬರವಣಿಗೆಯಲ್ಲಿ ಕೇಳಿನೋಡಬಹುದು. ಹಿಡಿತ ಬಯಸುವ ಅಧಿಕಾರಿಗೆ ಮಾಹಿತಿ ಕೈತಪ್ಪದೆಂಬ ಭರವಸೆ ಸಿಕ್ಕರೆ ಅರ್ಧ ತಡೆ ತಾನಾಗಿ ಸಡಿಲಾಗುವುದುಂಟು. ಎಲ್ಲ ಕಡೆಯೂ ಆಗುತ್ತದೆಂದು ನಾನು ಹೇಳಲಾರೆ.

ಉತ್ತರ 2
ಬರೆದವರು: ಮಂಜೇಶ್ವರ ಕಡೆಯ ಹೈಯರ್ ಸೆಕೆಂಡರಿ ಟೀಚರ್

ಮೇಲಿನ ಉತ್ತರದಲ್ಲಿ ಮಗಳ ವಿಷಯ ಬಂದಿಲ್ಲವಾದ್ದರಿಂದ ನಾನು ಅದನ್ನೇ ಬರೆಯುತ್ತೇನೆ. ಪರೀಕ್ಷೆಯ ಹೆದರಿಕೆಯಲ್ಲಿ ಎರಡು ಭಾಗಗಳಿವೆ ಎಂದು ಲೀಬರ್ಟ್ ಮತ್ತು ಮಾರಿಸ್ 1967ರಲ್ಲೇ ವಿಂಗಡಿಸಿದ್ದರು. ಒಂದು, ಎದೆ ಹೊಡೆದುಕೊಳ್ಳುವುದು, ಕೈ ಬೆವರುವುದು. ಇನ್ನೊಂದು, ‘ಇದು ನನ್ನಿಂದಾಗದು, ಮನೆಯವರು ಏನೆನ್ನುತ್ತಾರೆ’ ಎಂದು ಒಳಗೊಳಗೇ ನಡೆಯುವ ಚಿಂತೆ. ಅಂಕಗಳನ್ನು ಹೆಚ್ಚು ಕೆಡಿಸುವುದು ಎರಡನೆಯದು. ಲೆಕ್ಕ ಬಿಡಿಸುವಾಗ ಮನಸ್ಸು ತಾತ್ಕಾಲಿಕವಾಗಿ ಹಿಡಿದಿಟ್ಟುಕೊಳ್ಳಬಹುದಾದ ವಿಷಯ ಬಹಳ ಕಡಿಮೆ. ಆ ಸ್ವಲ್ಪ ಜಾಗವನ್ನೇ ಚಿಂತೆಯೂ ಆಕ್ರಮಿಸಿಕೊಂಡರೆ, ಗೊತ್ತಿದ್ದ ಸೂತ್ರವೂ ಹೊರಗೆ ಬರುವುದಿಲ್ಲ. ಆದ್ದರಿಂದ ಕೈ ನಡುಗಿದರೆ ಹೆದರಬೇಡ, ಅದು ತಾನಾಗಿ ಇಳಿಯುತ್ತದೆ ಎಂದು ಮೊದಲೇ ತಿಳಿಸಿಟ್ಟರೆ ಮಕ್ಕಳಿಗೆ ಎಷ್ಟೋ ಸಮಾಧಾನ.

ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಜಾಗ ಇನ್ನೂ ಇಕ್ಕಟ್ಟು. ಹತ್ತನೆಯವರೆಗೆ ಪಾಠ, ಪುಸ್ತಕ, ಪರೀಕ್ಷೆ ಎಲ್ಲವೂ ಕನ್ನಡದಲ್ಲಿ. ಪ್ಲಸ್ ವನ್‌ಗೆ ಬಂದೊಡನೆ ಪುಸ್ತಕ ಇಂಗ್ಲಿಷಿನಲ್ಲಿ, ಅಧ್ಯಾಪಕರ ವಿವರಣೆ ಬಹಳ ಕಡೆ ಮಲಯಾಳದಲ್ಲಿ, ಅದರಲ್ಲೂ ತರಗತಿಯನ್ನು ನಗಿಸುವ ಮಾತು, ಗದರುವ ಮಾತು, ‘ಇದು ಪರೀಕ್ಷೆಗೆ ಬರುತ್ತದೆ’ ಎಂಬ ಸೂಚನೆ ಎಲ್ಲವೂ ಮಲಯಾಳದಲ್ಲೇ. ಕರಿಹಲಗೆಯ ಮುಂದೆ ನಿಂತು ಮಸೂರದ ಕಿರಣಚಿತ್ರವನ್ನು ನಿರ್ದೋಷವಾಗಿ ಬಿಡಿಸಿ, ಪ್ರತಿಬಿಂಬ ಏಕೆ ತಲೆಕೆಳಗಾಯಿತೆಂದು ಕನ್ನಡದಲ್ಲಿ ಸೊಗಸಾಗಿ ವಿವರಿಸಿದ ಹುಡುಗಿ, ಉತ್ತರಪತ್ರಿಕೆಯಲ್ಲಿ ಅದೇ ಚಿತ್ರದ ಕೆಳಗೆ ಎರಡು ಸಾಲು ಬರೆದು ನಿಲ್ಲಿಸಿದ್ದನ್ನು ನಾನು ಕಂಡಿದ್ದೇನೆ. ಅವಳಿಗೆ ಕೊರತೆಯಿದ್ದದ್ದು ಭೌತಶಾಸ್ತ್ರದ ಜ್ಞಾನದಲ್ಲಲ್ಲ. ವಿಷಯವನ್ನು ನೆನಪಿಸಿಕೊಳ್ಳುವುದು, ವಾಕ್ಯ ಕಟ್ಟುವುದು, ಗಡಿಯಾರ ನೋಡುವುದು ಇವೆಲ್ಲ ಏಕಕಾಲಕ್ಕೆ ನಡೆಯಬೇಕಾದಾಗ ಯಾವುದೋ ಒಂದು ಬಿದ್ದುಹೋಗುತ್ತದೆ. ತಮ್ಮ ಮಗಳು ಮನೆಯಲ್ಲಿ ಒಪ್ಪಿಸುವುದು ಯಾವ ಭಾಷೆಯಲ್ಲಿ, ಬಾಯಲ್ಲೋ ಬರವಣಿಗೆಯಲ್ಲೋ ಎಂದು ದಯವಿಟ್ಟು ಗಮನಿಸಿರಿ. ಅರ್ಥವನ್ನು ಕನ್ನಡದಲ್ಲಿ ಗಟ್ಟಿಮಾಡಿಕೊಳ್ಳಲಿ, ಅದನ್ನು ಬಿಡಿಸಬೇಡಿ. ಆದರೆ ಅಭ್ಯಾಸದ ಉತ್ತರವನ್ನು ಪರೀಕ್ಷೆಯ ಭಾಷೆಯಲ್ಲಿ, ಪುಸ್ತಕ ಮುಚ್ಚಿಟ್ಟು, ಗಡಿಯಾರ ಮುಂದಿಟ್ಟು ಬರೆಯಲಿ.

ಪುಸ್ತಕ ಮುಚ್ಚಿಟ್ಟು ಎಂದುದಕ್ಕೆ ಕಾರಣವಿದೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ಬಳಿಕ ನಡೆಸಿದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ಬಳಿಕ ನಡೆಸಿದಾಗ, ಓದಿದ್ದನ್ನು ನೆನಪಿನಿಂದ ಬರೆದು ನೋಡಿಕೊಂಡವರು ಮುಂದೆ ಬಂದರು. ಓದಿ ಓದಿ ಬರುವ ಆತ್ಮವಿಶ್ವಾಸ ಬಹುಮಟ್ಟಿಗೆ ಪರಿಚಯದ ಭ್ರಮೆ. ಪ್ರಶ್ನೆಪತ್ರಿಕೆಯ ಮುಂದೆ ಆ ಭ್ರಮೆ ಹರಿದಾಗ ಮಗು ‘ಎಲ್ಲ ಮರೆತುಹೋಯಿತು’ ಎನ್ನುತ್ತದೆ, ನಾವು ಅದನ್ನು ಹೆದರಿಕೆ ಎಂದು ತಿಳಿಯುತ್ತೇವೆ. ಎರಡನ್ನೂ ಬೇರ್ಪಡಿಸುವುದು ಸುಲಭ: ಮನೆಯಲ್ಲಿ ಯಾರೂ ಗದರದೆ, ಅಂಕದ ಮಾತೆತ್ತದೆ, ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕೊಟ್ಟು ನೋಡಿರಿ. ಅಲ್ಲಿಯೂ ಕೈ ನಿಂತರೆ ತೊಂದರೆ ಓದುವ ಕ್ರಮದಲ್ಲಿದೆ. ಅಲ್ಲಿ ಸಲೀಸಾಗಿ ಬರೆದು ಶಾಲೆಯಲ್ಲಿ ಮಾತ್ರ ನಿಂತರೆ ಅದು ಚಿಂತೆ.

ಚಿಂತೆಯೇ ಆದರೆ, ಪರೀಕ್ಷೆಗೆ ತುಸು ಮುಂಚೆ ಹತ್ತು ನಿಮಿಷ ತನ್ನ ಹೆದರಿಕೆಯನ್ನು ಕಾಗದದ ಮೇಲೆ ಬರೆದಿಟ್ಟ ವಿದ್ಯಾರ್ಥಿಗಳು ಉತ್ತಮವಾಗಿ ಮಾಡಿದರೆಂದು ರಮೀರೆಸ್ ಮತ್ತು ಬೈಲಾಕ್ 2011ರಲ್ಲಿ ವರದಿ ಮಾಡಿದ್ದಾರೆ. ಅನಂತರದ ಪ್ರಯತ್ನಗಳಲ್ಲಿ ಫಲ ಎಲ್ಲೆಡೆ ಒಂದೇ ತೆರನಾಗಿ ಬಂದಿಲ್ಲ. ಖರ್ಚಿಲ್ಲದ ಉಪಾಯ, ಮಾಡಿನೋಡುವುದರಲ್ಲಿ ನಷ್ಟವಿಲ್ಲ.

ಇದಕ್ಕಿಂತ ನನಗೆ ಮುಖ್ಯವೆನಿಸುವುದು ಮಕ್ಕಳು ಎಲ್ಲಿ ಕೂರುತ್ತಾರೆ ಎಂಬುದು. ಕನ್ನಡ ಮಾಧ್ಯಮದಿಂದ ಬಂದವರು ಹಿಂದಿನ ಬೆಂಚಿನಲ್ಲಿ ಒಟ್ಟಾಗಿ ಕೂತು, ಸಂದೇಹಗಳನ್ನು ತಮ್ಮತಮ್ಮಲ್ಲೇ ಕೇಳಿಕೊಂಡು ಮುಗಿಸುತ್ತಾರೆ. ‘ನಾನು ಇಲ್ಲಿಗೆ ಸೇರಿದವಳಲ್ಲ’ ಎಂಬ ಭಾವನೆ ಓದನ್ನು ಎಷ್ಟು ಕುಂದಿಸುತ್ತದೆಂದು ವಾಲ್ಟನ್ ಮತ್ತು ಕೋಹೆನ್ ಅವರ 2011ರ ಅಧ್ಯಯನ ತೋರಿಸಿದೆ. ಅಮೆರಿಕದ ಕಾಲೇಜೊಂದರಲ್ಲಿ ಹೊಸದಾಗಿ ಸೇರಿದ ಕಪ್ಪು ವರ್ಣೀಯ ವಿದ್ಯಾರ್ಥಿಗಳಿಗೆ, ಈ ಪರಕೀಯ ಭಾವ ಮೊದಲ ವರ್ಷ ಎಲ್ಲರಿಗೂ ಇರುತ್ತದೆ, ಕ್ರಮೇಣ ಹೋಗುತ್ತದೆ ಎಂದು ಹಿರಿಯ ವಿದ್ಯಾರ್ಥಿಗಳ ಅನುಭವದ ಮೂಲಕ ಒಂದು ಗಂಟೆಯಲ್ಲಿ ಮನದಟ್ಟು ಮಾಡಿಸಿದ್ದರ ಪರಿಣಾಮ, ಅವರ ಅಂಕಗಳಲ್ಲಿ ಮುಂದಿನ ಮೂರು ವರ್ಷ ಕಂಡಿತು. ಕಾಸರಗೋಡಿನ ಕನ್ನಡದ ಮಕ್ಕಳ ಮೇಲೆ ಹಾಗೆಯೇ ಕೆಲಸ ಮಾಡುತ್ತದೆಂದು ನಾನು ಪ್ರಮಾಣ ಮಾಡುವುದಿಲ್ಲ. ಆದರೆ ಊರಿನಲ್ಲಿ ಇದೇ ದಾರಿಯಲ್ಲಿ ಓದಿ ಈಗ ಕಾಲೇಜಿನಲ್ಲಿರುವ ಅಕ್ಕನೋ ಅಣ್ಣನೋ ಒಬ್ಬರು ಇದ್ದೇ ಇರುತ್ತಾರೆ. ಅವರೊಡನೆ ಒಂದು ಸಂಜೆ ಮಾತಾಡಿಸುವುದು ನನ್ನ ಹತ್ತು ಉಪದೇಶಕ್ಕಿಂತ ಮೇಲು.

ಉತ್ತರ 3
ಬರೆದವರು: ಪೆರ್ಲದ ಪಾಲಿಯೇಟಿವ್ ಸ್ವಯಂಸೇವಕಿ

ಅಕ್ಕಾ, ತಾವು ಮನೆಯಲ್ಲಿ ಮೂವರೆಂದು ಬರೆದಿದ್ದೀರಿ. ಅತ್ತೆಯವರನ್ನೂ ಸೇರಿಸಿದರೆ ನಾಲ್ವರು. ಬುದ್ಧಿ ಚುರುಕಾಗಿದ್ದು ದೇಹ ಮಾತ್ರ ಮಾತು ಕೇಳದವರ ದಣಿವು ಉಳಿದ ಮೂವರಿಗಿಂತ ಕಡಿಮೆಯದಲ್ಲ. ಪಕ್ಷವಾತವಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಮತ್ತು ಅದನ್ನು ಮನೆಯವರು ‘ಹಠ’ ಎಂದುಕೊಳ್ಳುತ್ತಾರೆ. ಮತ್ತೆ ಮತ್ತೆ ಕರೆಯುವುದು, ಕರೆದು ಏನೂ ಬೇಡವೆನ್ನುವುದು, ಊಟವನ್ನು ದೂರ ತಳ್ಳುವುದು ಇವೆಲ್ಲದರ ಹಿಂದೆ ‘ಈ ಮನೆಯಲ್ಲಿ ನನ್ನ ಮಾತು ಇನ್ನೂ ನಡೆಯುತ್ತದೆಯೇ’ ಎಂಬ ಪರೀಕ್ಷೆ ಇರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

1976ರಲ್ಲಿ ಎಲ್ಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧಾಶ್ರಮದಲ್ಲಿ ಒಂದು ಮಹಡಿಯವರಿಗೆ, ಕೋಣೆಯನ್ನು ಹೇಗಿಡಬೇಕು, ಸಿನೆಮಾ ಯಾವ ದಿನ ನೋಡಬೇಕು ಎಂಬಂಥ ಸಣ್ಣ ತೀರ್ಮಾನಗಳನ್ನು ಬಿಟ್ಟುಕೊಟ್ಟು, ತಾವೇ ನೋಡಿಕೊಳ್ಳುವಂತೆ ಒಂದೊಂದು ಗಿಡ ಕೊಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಸಿಕ್ಕಿತು, ಆದರೆ ನೀರೆರೆಯುವುದು ದಾದಿಯರ ಕೆಲಸವಾಗಿತ್ತು. ಮೊದಲಿನವರು ಹೆಚ್ಚು ಚಟುವಟಿಕೆಯಿಂದಿದ್ದರು, ಹೆಚ್ಚು ಸಂತೋಷದಿಂದಿದ್ದರು. ಹಾಗಾಗಿ ಸಾರಿಗೆ ಏನು ತರಕಾರಿ, ಸ್ನಾನ ಬೆಳಿಗ್ಗೆಯೋ ಸಂಜೆಯೋ, ಯಾವ ಸೀರೆ ಎಂಬುದನ್ನು ಅತ್ತೆಯವರೇ ಹೇಳಲಿ; ಮಾತು ತೊದಲಿದರೆ ಎರಡು ವಸ್ತು ತೋರಿಸಿ ಕೇಳಬಹುದು. ಎಡಗೈಗೆ ಎಟಕುವಂತೆ ಒಂದು ಕರೆಗಂಟೆ ಇಟ್ಟುಬಿಡಿ. ತಾವು ಕಿವಿಗೊಟ್ಟು ಕೂರಬೇಕಾದ ಕಾವಲು ಅಲ್ಲಿಗೇ ಅರ್ಧ ಮುಗಿಯುತ್ತದೆ. ಜೊತೆಗೆ, ಕರೆಯುವ ಮೊದಲೇ ನಿಗದಿತ ಹೊತ್ತಿಗೆ ಮೂತ್ರಕ್ಕೆ ಕೂರಿಸುವ ರೂಢಿ ಮಾಡಿದರೆ, ಕೆಲವು ವಾರಗಳಲ್ಲಿ ಅನಿರೀಕ್ಷಿತ ಕರೆಗಳು ಇಳಿಯುತ್ತವೆ.

ಆರೈಕೆ ಮಾಡುವವರ ದೇಹವೂ ಬೆಲೆ ತೆರುತ್ತದೆ ಎಂಬುದಕ್ಕೆ ಒಂದು ಪ್ರಯೋಗವನ್ನು ನಾನು ತರಬೇತಿಯಲ್ಲಿ ಯಾವಾಗಲೂ ಹೇಳುತ್ತೇನೆ. 1995ರಲ್ಲಿ ಜಾನಿಸ್ ಕೀಕಾಲ್ಟ್-ಗ್ಲೇಸರ್ ಮತ್ತು ಸಂಗಡಿಗರು, ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯರ ತೋಳಿನಲ್ಲಿ ಒಂದು ಚಿಕ್ಕ ಗಾಯ ಮಾಡಿ, ಅದು ಮಾಯುವುದನ್ನು ನೋಡಿದರು. ಅದೇ ವಯಸ್ಸಿನ, ಅಂಥ ಹೊಣೆಯಿಲ್ಲದ ಮಹಿಳೆಯರಿಗಿಂತ ಅವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. 1999ರಲ್ಲಿ ಶುಲ್ಜ್ ಮತ್ತು ಬೀಚ್ ವರದಿ ಮಾಡಿದ ನಾಲ್ಕು ವರ್ಷಗಳ ಅಧ್ಯಯನದಲ್ಲಿ, ಸಂಗಾತಿಯ ಆರೈಕೆಯಲ್ಲಿ ಒತ್ತಡ ಅನುಭವಿಸುತ್ತಿದ್ದ ವೃದ್ಧರ ಸಾವಿನ ಸಂಭವ ಆರೈಕೆಯ ಹೊಣೆಯಿಲ್ಲದವರಿಗಿಂತ ಶೇಕಡಾ 63ರಷ್ಟು ಹೆಚ್ಚಿತ್ತು. ಗಮನಿಸಬೇಕಾದದ್ದೆಂದರೆ, ಆರೈಕೆ ಮಾಡುತ್ತಿದ್ದರೂ ಒತ್ತಡವಿಲ್ಲವೆಂದವರಲ್ಲಿ ಅಂಥ ಏರಿಕೆ ಕಂಡುಬರಲಿಲ್ಲ. ಕೆಡುಕು ಆರೈಕೆಯಲ್ಲೇ ಇಲ್ಲ, ಅದನ್ನು ಒಬ್ಬರೇ, ಬಿಡುವಿಲ್ಲದೆ, ಕ್ರಮ ತಿಳಿಯದೆ ಮಾಡಬೇಕಾಗಿ ಬರುವುದರಲ್ಲಿದೆ.

ಕ್ರಮ ತಿಳಿಯದೆ ಎಂದುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮನಸ್ಸಿನ ಮಾತು ಇಲ್ಲಿ ಕೈಯ ಮಾತೂ ಆಗಿದೆ. ಮಲಗಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕೆಂದು ಎಲ್ಲರೂ ಹೇಳುತ್ತಾರೆ, ಹೇಗೆಂದು ಹೇಳುವವರು ಕಡಿಮೆ. ಸೊಂಟದಡಿ ಅಡ್ಡಲಾಗಿ ನಾಲ್ಕು ಮಡಿಕೆಯ ಹಳೆಯ ಬೆಡ್‌ಶೀಟ್ ಹಾಸಿಟ್ಟಿದ್ದರೆ, ಅದರ ಅಂಚನ್ನು ಹಿಡಿದು ಇಡೀ ದೇಹವನ್ನು ತಮ್ಮ ಕಡೆಗೆ ಹೊರಳಿಸಬಹುದು. ಸ್ವಾಧೀನವಿಲ್ಲದ ಕೈಯನ್ನು ಹಿಡಿದು ಎಂದೂ ಎಳೆಯಬಾರದು, ಭುಜದ ಕೀಲು ಜಾರುತ್ತದೆ, ಆಮೇಲೆ ಆ ನೋವು ಬಿಡುವುದಿಲ್ಲ. ಬೆನ್ನ ಹಿಂದೆ ಒಂದು ದಿಂಬು, ಮೊಣಕಾಲುಗಳ ನಡುವೆ ಒಂದು, ಬಲಗೈಯ ಅಡಿ ಒಂದು. ಇಷ್ಟನ್ನು ದಾದಿಯ ಎದುರಿಗೆ ಕೆಲವು ಸಲ ಮಾಡಿದವರ ಮುಖದಿಂದ ಅಂಜಿಕೆ ಹೋಗುವುದನ್ನು ನೋಡಬೇಕು. ಆಲ್ಬರ್ಟ್ ಬಂಡುರಾ 1977ರಲ್ಲಿ ವಿವರಿಸಿದ ಸ್ವಸಾಮರ್ಥ್ಯದ ನಂಬಿಕೆ ಇದೇ: ‘ನಿನ್ನಿಂದಾಗುತ್ತದೆ’ ಎಂಬ ಮಾತಿನಿಂದ ಬರುವುದಕ್ಕಿಂತ, ಕೈಯಾರೆ ಮಾಡಿ ಗೆದ್ದದ್ದರಿಂದ ಬರುವುದು ಗಟ್ಟಿ.

ನಮ್ಮ ಎಣ್ಮಕಜೆಯ ಕಡೆಯ ಮನೆಗಳನ್ನು ನೆನೆಯದೆ ಈ ವಿಷಯ ಬರೆಯಲು ನನಗೆ ಸಾಧ್ಯವಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರುತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕವನ್ನು ಸಿಂಪಡಿಸಿದ ಮೇಲೆ, ಸಂತ್ರಸ್ತ ಮಕ್ಕಳ ತಾಯಂದಿರು ಆರೈಕೆಯನ್ನು ವರ್ಷಗಳ ಲೆಕ್ಕದಲ್ಲಲ್ಲ, ಇಡೀ ಬಾಳಿನ ಲೆಕ್ಕದಲ್ಲಿ ಹೊತ್ತಿದ್ದಾರೆ. ಸುಪ್ರೀಂ ಕೋರ್ಟು 2011ರಲ್ಲಿ ಈ ವಿಷವನ್ನು ತಡೆಹಿಡಿಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ರಾಜ್ಯಕ್ಕೆ ಆದೇಶಿಸಿತು. ಹಣದ ಅಗತ್ಯ ಎಷ್ಟಿದ್ದರೂ, ಆ ತಾಯಂದಿರು ನಮ್ಮಲ್ಲಿ ಹೆಚ್ಚಾಗಿ ಕೇಳುವುದು ‘ನಾನು ಹೋದ ಮೇಲೆ ಇವನನ್ನು ಯಾರು ನೋಡುತ್ತಾರೆ’ ಎಂದು. ಮಗು ಎದುರಿಗೇ ಇದ್ದರೂ, ಆ ಮಗು ಆಗಬೇಕಾಗಿದ್ದ ಬಾಳು ಇಲ್ಲವಾದ ದುಃಖಕ್ಕೆ ಊರಿನಲ್ಲಿ ಬೊಜ್ಜವಿಲ್ಲ (ಉತ್ತರಕ್ರಿಯೆಯಿಲ್ಲ), ಸಾಂತ್ವನ ಹೇಳಲು ಬರುವವರಿಲ್ಲ. ಪೌಲಿನ್ ಬಾಸ್ ಎಂಬ ಅಮೆರಿಕದ ಸಂಶೋಧಕಿ ಇಂಥದನ್ನು ಅಸ್ಪಷ್ಟ ನಷ್ಟವೆಂದು ಗುರುತಿಸಿ, ಮುಗಿಯದ ದುಃಖಗಳಲ್ಲಿ ಇದು ಅತ್ಯಂತ ಕಠಿಣವಾದದ್ದು ಎಂದಿದ್ದಾರೆ. ಬುದ್ಧಿಮಾಂದ್ಯ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಗೆ ಮಗು ಹೋಗುವ ಹಗಲಿನ ಆ ಕೆಲವು ಗಂಟೆಗಳು ತಾಯಿಯ ಪಾಲಿಗೆ ಏನೆಂಬುದನ್ನು ಅಂಥ ಮನೆಗಳಲ್ಲಿ ಕೂತು ತಿಳಿಯಬೇಕು. ಬೀಡಿ ಕಟ್ಟಲಿ, ನಿದ್ದೆ ಮಾಡಲಿ, ಅದು ಅವಳದೇ ಹೊತ್ತು.

ತಾವು ಮಾಡಬಹುದಾದದ್ದನ್ನು ಇಲ್ಲಿಂದ ತೆಗೆದುಕೊಳ್ಳಿ. ‘ಬಿಡುವು ಮಾಡಿಕೊಳ್ಳಿ’ ಎನ್ನುವವರ ಮಾತಿನಿಂದ ಬಿಡುವು ಹುಟ್ಟುವುದಿಲ್ಲ. ಇಂಥ ದಿನ, ಇಂಥ ಹೊತ್ತು, ಇಂಥವರು ಅತ್ತೆಯವರ ಬಳಿ ಇರುತ್ತಾರೆ ಎಂದು ನಿಗದಿಯಾಗಬೇಕು. ಧೈರ್ಯ ಹೇಳಲು ಬರುವ ನಾದಿನಿಯೋ ಓರಗಿತ್ತಿಯೋ ಇದ್ದರೆ, ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಎಂದು ನೇರವಾಗಿ ಕೇಳಿಬಿಡಿ. ಪಂಚಾಯತ್ ವತಿಯಿಂದ ಪಾಲಿಯೇಟಿವ್ (ದೀರ್ಘಕಾಲದ ರೋಗಿಗಳ ನೋವು, ಕಷ್ಟ ತಗ್ಗಿಸುವ ಆರೈಕೆಯ) ದಾದಿ ಮನೆಗೆ ಬರುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ, 2008ರಿಂದ ಸರಕಾರದ ನೀತಿಯೇ ಇದೆ. ಆಶಾ ಕಾರ್ಯಕರ್ತೆಯಲ್ಲಿ ಹೇಳಿ ಹೆಸರು ಬರೆಸಿರಿ. ಹಾಸಿಗೆ ಹಿಡಿದವರನ್ನು ಪೂರ್ಣ ಹೊತ್ತು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿಯ ‘ಆಶ್ವಾಸಕಿರಣಂ’ ಯೋಜನೆಯೂ ಇದೆ. ಮೊತ್ತ ಸಣ್ಣದು, ಸಮಯಕ್ಕೆ ಸರಿಯಾಗಿ ಬರುವುದಿಲ್ಲವೆಂಬ ದೂರೂ ಇದೆ. ಆದರೆ ತಾವು ಮಾಡುತ್ತಿರುವುದು ಕೆಲಸವೆಂದು ಒಪ್ಪುವ ಕಾಗದ ಅದೊಂದೇ. ಅಂಗನವಾಡಿಯಲ್ಲಿ ವಿಚಾರಿಸಿರಿ.

ಉತ್ತರ 4
ಬರೆದವರು: ಮುಳ್ಳೇರಿಯದವ, ಮಂಗಳೂರಿನಲ್ಲಿ ಉದ್ಯೋಗ

ಎಲ್ಲರೂ ಒಳ್ಳೆಯದನ್ನೇ ಬರೆದಿದ್ದಾರೆ. ಆದರೂ ಒಂದೆರಡು ಆಕ್ಷೇಪಗಳನ್ನು ದಾಖಲಿಸಬೇಕಾಗಿದೆ. ಹಿಡಿತ, ಸ್ವಸಾಮರ್ಥ್ಯ ಎಂಬ ಮಾತುಗಳನ್ನು ಸಂಸ್ಥೆಗಳು ಬಹಳ ಸುಲಭವಾಗಿ ತಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳುತ್ತವೆ. ಖಾಲಿ ಹುದ್ದೆಗಳನ್ನು ತುಂಬದೆ, ಇರುವ ನೌಕರರಿಗೆ ಒತ್ತಡ ನಿಭಾಯಿಸುವ ಶಿಬಿರ ನಡೆಸಿ ಕೈತೊಳೆದುಕೊಳ್ಳುವುದನ್ನು ನಾನೇ ಅನುಭವಿಸಿದ್ದೇನೆ. ಕರಾಸೆಕ್ ಅವರ ವಾದದ ತಿರುಳೇ ಬೇರೆ. ಬದಲಾಗಬೇಕಾದದ್ದು ಕೆಲಸದ ವಿನ್ಯಾಸ ಎಂದು ಅವರು ಹೇಳಿದ್ದು, ನೌಕರನ ಮನೋಭಾವ ಎಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ, ಕೆಲಸದಿಂದ ಬರುವ ‘ಬರ್ನ್‌ಔಟ್’ ಎಂಬ ಈ ಬಸವಳಿಕೆಯನ್ನು ರೋಗವೆನ್ನದೆ, ಸರಿಯಾಗಿ ನಿರ್ವಹಿಸದ ಕೆಲಸದ ಒತ್ತಡದ ಫಲವೆಂದು ಬಣ್ಣಿಸಿದೆ. ಉದ್ಯೋಗದ ಸಂದರ್ಭಕ್ಕೆ ಮಾತ್ರ ಆ ಪದವನ್ನು ಬಳಸಬೇಕೆಂದೂ ಹೇಳಿದೆ. ಮನೆಯ ಆರೈಕೆ ಉದ್ಯೋಗವಲ್ಲವೇ ಎಂದು ಯಾರಾದರೂ ಕೇಳಬೇಕಿತ್ತು.

ಇನ್ನೊಂದು, ಉಲ್ಲೇಖಿಸಿದ ಕೆಲವು ಅಧ್ಯಯನಗಳನ್ನು ಅಳೆದು ಸುರಿದು ಬಳಸಬೇಕು. ವೈಟ್‌ಹಾಲ್ ಅಧ್ಯಯನ ಜನರನ್ನು ಗಮನಿಸಿದ್ದೇ ಹೊರತು ಅವರ ಹಿಡಿತವನ್ನು ಹೆಚ್ಚಿಸಿ ಪರೀಕ್ಷಿಸಿದ್ದಲ್ಲ. ವೃದ್ಧಾಶ್ರಮದ ಗಿಡದ ಪ್ರಯೋಗ ಒಂದೇ ಕಟ್ಟಡದ ಎರಡು ಮಹಡಿಗಳದು. ‘ಸ್ವಲ್ಪ ಒತ್ತಡ ಒಳ್ಳೆಯದೇ’ ಎಂದು ಭಾಷಣಗಳಲ್ಲಿ ಹೇಳುವವರು ಆಧಾರವಾಗಿ ತೋರುವ ಯರ್ಕ್ಸ್ ಮತ್ತು ಡಾಡ್ಸನ್ ಅವರ 1908ರ ನಿಯಮವಂತೂ, ಇಲಿಗಳಿಗೆ ವಿದ್ಯುತ್ತಿನ ಹೊಡೆತ ಕೊಟ್ಟು ಪೆಟ್ಟಿಗೆ ಗುರುತಿಸಲು ಕಲಿಸಿದ್ದರಿಂದ ಬಂದದ್ದು. ಪ್ಲಸ್ ಟು ಮಕ್ಕಳ ಪೋಷಕರಿಗೆ ಅದನ್ನು ಹೇಳುವಾಗ ಇದನ್ನೂ ಹೇಳಿದರೆ ಚೆನ್ನ. ಇಲ್ಲಿ ಯಾರೂ ಆ ನಿಯಮ ತರಲಿಲ್ಲ ಎಂಬುದು ನನಗೆ ಸಂತೋಷ.

ಕೊನೆಯದಾಗಿ, ದಣಿವು ಮತ್ತು ಖಿನ್ನತೆಯನ್ನು ಬೇರ್ಪಡಿಸಿ ನೋಡಬೇಕು. ಬಿಡುವು ಸಿಕ್ಕಾಗಲೂ ಯಾವುದರಲ್ಲೂ ಆಸಕ್ತಿ ಹುಟ್ಟದಿರುವುದು, ನಿದ್ದೆ ಅಥವಾ ಹಸಿವು ಕೆಡುವುದು, ತಾನು ನಿಷ್ಪ್ರಯೋಜಕನೆಂಬ ಭಾವನೆ ಇವು ಎರಡು ವಾರಕ್ಕೂ ಹೆಚ್ಚು ಕಾಲ ಬಹುತೇಕ ಪ್ರತಿದಿನ ಇದ್ದರೆ, ಮನೆಯ ವ್ಯವಸ್ಥೆ ಬದಲಿಸುವುದರಿಂದ ಮಾತ್ರ ತೀರುವುದಿಲ್ಲ, ವೈದ್ಯರನ್ನು ಕಾಣಬೇಕು. ಬದುಕುವುದೇ ಬೇಡವೆಂಬ ಮಾತು ಬಂದರೆ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ. 2022ರ ಅಕ್ಟೋಬರಿನಿಂದ ಕೇಂದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’ 14416 ಸಂಖ್ಯೆಯಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಯೂ ಉಚಿತವಾಗಿ ಸಿಗುತ್ತದೆ, ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವೂ ಇದೆ. ಕೇರಳದ ಆರೋಗ್ಯ ಸಹಾಯವಾಣಿ ‘ದಿಶಾ’ದ ಸಂಖ್ಯೆ 1056. ಯಜಮಾನರ ಮೌನದ ವಿವರ ಓದುವಾಗ ನನಗೆ ಇದನ್ನು ಬರೆಯಬೇಕೆನಿಸಿತು. ತಾಳಮದ್ದಳೆಗೆ ಈಗಲೂ ಹೋಗುತ್ತಾರೆಯೇ? ಹೋಗಿ ಅಲ್ಲಾದರೂ ಅವರ ಮುಖ ಅರಳುತ್ತಿದ್ದರೆ ಸಮಾಧಾನದ ಸಂಗತಿ.

ಪ್ರತಿಕ್ರಿಯೆ
ಬರೆದವರು: ನೀರ್ಚಾಲಿನ ಓದುಗಿ

ಎಲ್ಲರಿಗೂ ಕೃತಜ್ಞತೆಗಳು. ಮುಳ್ಳೇರಿಯದ ಅಣ್ಣ ಕೇಳಿದ್ದಕ್ಕೆ ಉತ್ತರ: ತಾಳಮದ್ದಳೆಗೆ ಹೋಗುತ್ತಾರೆ, ಅರ್ಥ ಹೇಳುವವರ ಮಾತು ಮಸಾಲೆಯಿಂದ ತುಂಬಿದ್ದರೆ ಮರುದಿನ ಬೆಳಿಗ್ಗೆಯವರೆಗೂ ಉತ್ಸಾಹವಿರುತ್ತದೆ, ಕಚೇರಿಯ ಚೀಲ ಹೆಗಲಿಗೇರಿದೊಡನೆ ಇಳಿಯುತ್ತದೆ. ಆದ್ದರಿಂದ ಮೊದಲ ಉತ್ತರದಲ್ಲಿ ಹೇಳಿದ ಪತ್ರದ ವಿಷಯವನ್ನು ಅವರ ಮುಂದಿಟ್ಟಿದ್ದೇನೆ. ‘ನೋಡುವಾ’ ಎಂದಿದ್ದಾರೆ.

ಟೀಚರ್ ಹೇಳಿದಂತೆ ಮಗಳಲ್ಲಿ ವಿಚಾರಿಸಿದೆ. ಅವಳು ನನಗೆ ಒಪ್ಪಿಸುವುದೆಲ್ಲ ಬಾಯಲ್ಲಿ, ಅದೂ ಮನೆಮಾತಿನಲ್ಲಿ. ಹಳೆಯ ಪ್ರಶ್ನೆಪತ್ರಿಕೆ ಕೊಟ್ಟಾಗ ರಸಾಯನಶಾಸ್ತ್ರ ಸಲೀಸಾಗಿ ಬರೆದಳು, ಭೌತಶಾಸ್ತ್ರದಲ್ಲಿ ಕೈ ನಿಂತಿತು. ಹಾಗಾದರೆ ಎರಡಕ್ಕೂ ಬೇರೆ ಬೇರೆ ಮದ್ದು ಬೇಕು ಎಂದು ತಿಳಿಯುತ್ತೇನೆ.

ಒಂದು ಸಂದೇಹ ಉಳಿದಿದೆ. ಭಾನುವಾರ ಅತ್ತೆಯವರನ್ನು ನಾದಿನಿಗೆ ಒಪ್ಪಿಸಿ ಹೊರಗೆ ಹೋದರೂ ಮನಸ್ಸು ಮನೆಯಲ್ಲೇ ಇರುತ್ತದೆ. ಫೋನ್ ಕೈಯಲ್ಲೇ ಹಿಡಿದಿರುತ್ತೇನೆ. ಇಂಥ ಬಿಡುವಿನಿಂದ ಪ್ರಯೋಜನವಿದೆಯೇ?

ಉತ್ತರ 5
ಬರೆದವರು: ಪೆರ್ಲದ ಪಾಲಿಯೇಟಿವ್ ಸ್ವಯಂಸೇವಕಿ

ಅಕ್ಕಾ, ಆರಂಭದಲ್ಲಿ ಎಲ್ಲರಿಗೂ ಹಾಗೆಯೇ ಆಗುತ್ತದೆ. ಕೆಲಸದಿಂದ ದೇಹ ದೂರವಾದರೂ ಮನಸ್ಸು ದೂರವಾಗದಿದ್ದರೆ ಚೇತರಿಕೆ ಕಡಿಮೆ ಎಂದು ನೌಕರರ ಮೇಲೆ ನಡೆದ ಅಧ್ಯಯನಗಳೂ ಹೇಳುತ್ತವೆ, ಜರ್ಮನಿಯ ಸಬೀನೆ ಸೊನ್ನೆಂಟಾಗ್ ಈ ವಿಷಯದಲ್ಲೇ ದೀರ್ಘಕಾಲ ಕೆಲಸ ಮಾಡಿದವರು. ಆದರೆ ಮನಸ್ಸಿಗೆ ‘ಮರೆತುಬಿಡು’ ಎಂದರೆ ಅದು ಕೇಳುವುದಿಲ್ಲ. ನೋಡಿಕೊಳ್ಳುವವರಿಗೆ ಕ್ರಮ ಗೊತ್ತಿದೆಯೆಂಬ ನಂಬಿಕೆ ತಮಗೆ ಬರಬೇಕು, ಆಗ ಫೋನ್ ತಾನಾಗಿ ಚೀಲಕ್ಕೆ ಇಳಿಯುತ್ತದೆ.

ಅದಕ್ಕೆ ನಮ್ಮ ಕಡೆ ಮಾಡುವ ಉಪಾಯವೆಂದರೆ, ಹಾಸಿಗೆಯ ಬಳಿ ಒಂದು ನೋಟ್‌ಬುಕ್ ಇಡುವುದು. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಕೊನೆಯ ಸಲ ಯಾವ ಮಗ್ಗುಲು, ನೀರು ಎಷ್ಟು ಕುಡಿದರು, ಕೆಮ್ಮಿದರೆ ಏನು ಮಾಡಬೇಕು, ಯಾವ ಲಕ್ಷಣ ಕಂಡರೆ ಮಾತ್ರ ಫೋನ್ ಮಾಡಬೇಕು ಎಂಬುದನ್ನು ಅದರಲ್ಲಿ ಬರೆದಿಡಿ, ನಾದಿನಿಯೂ ತಾನು ಮಾಡಿದ್ದನ್ನು ಅದರಲ್ಲೇ ಬರೆಯಲಿ. ಫೋನ್ ಮಾಡಬೇಕಾದ ಸಂದರ್ಭಗಳು ಬರವಣಿಗೆಯಲ್ಲಿದ್ದರೆ, ಫೋನ್ ಬರಲಿಲ್ಲವೆಂಬುದೇ ಸುದ್ದಿಯಾಗುತ್ತದೆ. ಮೊದಲ ಒಂದೆರಡು ಸಲ ತಾವು ಮನೆಯಲ್ಲೇ ಇದ್ದು, ತೋಟದಲ್ಲೋ ಅಡಿಗೆಮನೆಯಲ್ಲೋ ಇರಿ, ಕರೆದರೂ ಹೋಗಬೇಡಿ. ಅತ್ತೆಯವರಿಗೂ ಬೇರೆ ಕೈಯ ಪರಿಚಯವಾಗಬೇಕಷ್ಟೆ. ಪಾಲಿಯೇಟಿವ್ ದಾದಿ ಬರುವ ದಿನ ನಾದಿನಿಯನ್ನೂ, ಸಾಧ್ಯವಾದರೆ ಯಜಮಾನರನ್ನೂ ಇರಿಸಿಕೊಂಡು, ಮಗ್ಗುಲು ಬದಲಿಸುವುದನ್ನು ಅವರ ಕೈಯಲ್ಲೇ ಮಾಡಿಸಿರಿ. ಗಂಡಸರಿಗೆ ಇದು ಬಾರದು ಎನ್ನುವುದು ನೆಪ. ನಮ್ಮ ತಂಡದಲ್ಲಿ ಅತ್ಯಂತ ಹಗುರವಾಗಿ ಹೊರಳಿಸುವವರು ನಿವೃತ್ತ ಬಸ್ ಚಾಲಕರೊಬ್ಬರು.